ಮುಡಿಪಿಟ್ಟ ಹೊಲ

ಜೆರುಸಲೇಮಿನಲ್ಲಿ, ಯೆಹೂದಿ ಧರ್ಮಗುರುಗಳಾದ ರಬ್ಬಿಗಳ ನ್ಯಾಯಾಲಯದ ಬೆಂಚಿನ ಮೇಲೆ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ತಿರ್ತ್ಸಾ ಎಂಬ ಹೆಂಗಸು ಮತ್ತು ಅವಳ ಚಿಕ್ಕಮ್ಮ. ಗಂಡ ನಫ್ತಾಲಿ ತಾನಾಗಿ ಬಿಡುಗಡೆ ಪತ್ರ ಕೊಡದೆ ತಿರ್ತ್ಸಾಗೆ ವಿಚ್ಛೇದನವಿಲ್ಲ. ಒಂಬತ್ತು ವರ್ಷದಿಂದ ಅವನು ಕೊಟ್ಟಿಲ್ಲ.

"ಮದುವೆಗೆ ಕಿದ್ದುಶೀನ್ ಅಂತ ಯಾಕಂತಾರೆ, ಗೊತ್ತಾ ಚಿಕ್ಕಮ್ಮ?"

"ಪವಿತ್ರ ಮಾಡೋದು ಅಂತ ಕಣೇ. ಎಷ್ಟು ಚೆಂದದ ಮಾತು!"

"ಚೆಂದವಂತೆ, ಮಣ್ಣು! ದೇವಾಲಯಕ್ಕೆ ಮುಡಿಪಿಟ್ಟಿದ್ದನ್ನ ಲೋಕದಲ್ಲಿ ಬೇರೆ ಯಾರೂ ಮುಟ್ಟೋ ಹಾಗಿರಲಿಲ್ಲ. ಮುಡಿಪಿನ ಆ ಮಾತನ್ನೇ ತಂದು ಹೆಂಡತಿಗೆ ಅಂಟಿಸಿದ್ದಾರೆ. ಉಂಗುರ ತೊಡಿಸಿ 'ನೀನು ನನಗೆ ಮೀಸಲು' ಅಂದ. ಆಮೇಲೆ ಬಿಟ್ಟು ಹೋದ."

"ಮೆತ್ತಗೆ ಮಾತಾಡೇ, ಒಳಗೆ ಕೇಳಿಸುತ್ತೆ."

"ಕೇಳಿಸಲಿ! ದೇವರಿಗೆ ಮುಡಿಪಿಟ್ಟ ಹೊಲವನ್ನೂ ಬಿಡಿಸಿಕೊಳ್ಳೋದಕ್ಕೆ ಶಾಸ್ತ್ರದಲ್ಲಿ ದಾರಿ ಇದೆ. ದೇವರೇ ಬಿಟ್ಟುಕೊಡ್ತಾನೆ, ಈ ನಫ್ತಾಲಿ ಬಿಡಲ್ಲ. ದೇವರಿಗಿಂತ ದೊಡ್ಡವನೇನು ಅವನು?"

"ಸುಮ್ಮನಿರೇ, ಜನ ನೋಡ್ತಿದ್ದಾರೆ."

ಬಾಗಿಲು ತೆರೆದ ಗುಮಾಸ್ತ, "ನಫ್ತಾಲಿ ಇವತ್ತೂ ಬಂದಿಲ್ಲಮ್ಮ. ಹನುಕ್ಕಾ ಹಬ್ಬ ಕಳೆದ ಮೇಲೆ ಬನ್ನಿ" ಅಂದ.

ತಿರ್ತ್ಸಾ ಎದ್ದಳು. ಅಷ್ಟು ಹೊತ್ತು ಅವಳ ಬಾಯಿ ಮುಚ್ಚಿಸುತ್ತಿದ್ದ ಚಿಕ್ಕಮ್ಮ ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತು, ಮುಚ್ಚಿದ ಬಾಗಿಲಿಗೆ ಕೇಳುವಂತೆ ಕೂಗಿದಳು:

"ನನ್ನ ಹುಡುಗಿ ಹೊಲಕ್ಕಿಂತ ಕಡೆಯಾದಳೇನಯ್ಯಾ?"