ತಂತಿ ಕಟ್ಟೋಕೆ ಬಂದ ಎವಾರಿಸ್ತೊ

ನಗೋರು ಈಗಲೇ ನಕ್ಕುಬಿಡಿ. ಇದು ನಮ್ಮ ಚಿಕ್ಕಪ್ಪನ ಮಗಳು ದಿಲ್ಸಾಗೆ ಆದದ್ದು, ಇದೇ ಬರ್ರಾಂಕಿಯಾ ಊರಲ್ಲಿ.

ಕಾರ್ನಿವಾಲ್ ಶನಿವಾರ. ಮೆಕ್ಯಾನಿಕ್ ಕೆಲಸದ ರಾತ್ರಿಪಾಳಿಗೆ ಒಬ್ಬಳೇ ದೊಡ್ಡ ಸೈಬಾ ಮರ ದಾಟಿ ಹೋಟೆಲಿನ ನೆಲಮಾಳಿಗೆಗೆ ಇಳಿದಳು. ಇಡೀ ಹೋಟೆಲಿಗೆ ತಂಪು ಕೊಡೋ ಚಿಲ್ಲರ್ ಅಲ್ಲಿದೆ. ಅದರೊಳಗೆ ನೀರು ಹರಿಯೋದು ಕಮ್ಮಿಯಾದ್ರೆ ಫ್ಲೋ ಸ್ವಿಚ್ ಯಂತ್ರ ನಿಲ್ಲಿಸುತ್ತೆ. ನಿಲ್ಲಿಸದಿದ್ರೆ ನೀರು ಹೆಪ್ಪುಗಟ್ಟಿ ಕೊಳವೆ ಸೀಳುತ್ತೆ, ಗ್ಯಾಸ್ ನುಗ್ಗುತ್ತೆ, ಕೋಣೆಯಲ್ಲಿದ್ದೋರಿಗೆ ಉಸಿರು ಸಿಗಲ್ಲ. ನಮ್ಮ ಮೆಕ್ಯಾನಿಕ್‌ಗಳಿಗೆ ಒಂದು ಕೆಟ್ಟ ಚಾಳಿ... ಸ್ವಿಚ್ಚಿನ ಎರಡು ತುದಿಗೆ ತುಂಡು ತಂತಿ ಕಟ್ಟಿ ಅದರ ಬಾಯಿ ಮುಚ್ಚಿಸೋದು, ನೀರಿಲ್ಲದಿದ್ರೂ ಯಂತ್ರ ಓಡಲಿ ಅಂತ. ಹಿಂದಿನ ಕಾರ್ನಿವಾಲ್‌ನಲ್ಲಿ ಹೋಟೆಲ್ ಮಾಲೀಕ ದೋನ್ ರೆಗುಲೊ ಹೇಳಿದ ಅಂತ ಇದೇ ಪಾಳಿಯ ಮೆಕ್ಯಾನಿಕ್ ಎವಾರಿಸ್ತೊ ಹಾಗೇ ಕಟ್ಟಿದ್ದ. ಬೆಳಗ್ಗೆ ಅವನ ಹೆಣ ಸಿಕ್ಕಿತು.

ರಾತ್ರಿ ಒಂದೂವರೆ ಗಂಟೆ... ಟಕ್. ಚಿಲ್ಲರ್ ನಿಂತಿತು. ನೀರಿನ ಜಾಲರಿಗೆ ಕಸ ಕಟ್ಟಿತ್ತು. ದೋನ್ ರೆಗುಲೊ ಫೋನ್ ಬಂತು.

"ಮೇಲೆ ಮುನ್ನೂರು ಜನ ಬೆವೀತಿದಾರೆ. ತಂತಿ ಹಾಕೇ!"

"ಹಾಕಲ್ಲ ದೋನ್ ರೆಗುಲೊ. ಜಾಲರಿ ತೊಳೀಬೇಕು, ಎರಡು ಗಂಟೆ ಹಿಡಿಯುತ್ತೆ."

"ಹಾಗಾದ್ರೆ ನಾಳೆಯಿಂದ ಬರಬೇಡ."

"ಬರಲ್ಲ ಬಿಡಿ. ಜೀವ ಇಟ್ಕೊಂಡು ಮನೆಗಾದ್ರೂ ಹೋಗ್ತೀನಿ!"

ನೀರಿನ ಕವಾಟ ಮುಚ್ಚಿ ಜಾಲರಿ ಬಿಚ್ಚೋಕೆ ಕೂತಳು. ಹಿಂದೆ ಕಿರ್ರ್... ಕರೆಂಟ್ ಪ್ಯಾನೆಲ್ ಬಾಗಿಲು. ಆಮೇಲೆ ಗುಂಯ್... ಚಿಲ್ಲರ್ ತಾನೇ ಹೊರಟಿತು!

ಓಡಿಹೋಗಿ ನೋಡಿದ್ರೆ ತಂತಿ ಕಟ್ಟಿದೆ. ಕಿತ್ತು ಬಿಸಾಡಿದಳು. ಮತ್ತೆ ಕಿರ್ರ್, ಮತ್ತೆ ಗುಂಯ್. ಮೂರನೇ ಸಲ ಅವನು ಕಂಡ. ಎವಾರಿಸ್ತೊ. ಬೆರಳಲ್ಲಿ ತಂತಿ. ತುಟಿ ನೀಲಿ.

"ದೋನ್ ರೆಗುಲೊ ಬೈತಾರೆ..." ಅಂತ ಪಿಸುಗುಟ್ಟಿದ.

ದಿಲ್ಸಾಗೆ ಸಿಟ್ಟು ನೆತ್ತಿಗೇರಿತು.

"ಥೂ ನಿನ್ನ! ಸತ್ತ ಮೇಲೂ ಅವನಿಗೆ ಹೆದರ್ತೀಯಾ? ಇನ್ನೇನು ಕಿತ್ಕೋತಾನೆ ನಿನ್ನಿಂದ?"

"ಕೆಲಸ ಹೋಗುತ್ತೆ..."

"ಹೋಗ್ಲಿ! ನನ್ನದೂ ಈಗಷ್ಟೇ ಹೋಯ್ತು!"

ಅವನು ಬೆರಳಲ್ಲಿದ್ದ ತಂತಿ ಕೆಳಗೆ ಬಿಟ್ಟ. ಆಮೇಲೆ ಅಲ್ಲಿ ಯಾರೂ ಇರಲಿಲ್ಲ. ದಿಲ್ಸಾ ಮೇನ್ ಸ್ವಿಚ್ ಇಳಿಸಿದಳು.

ಅಷ್ಟರಲ್ಲಿ ದೋನ್ ರೆಗುಲೊ ಧಡಧಡ ಇಳಿದು ಬಂದ. "ನಾನೇ ಹಾಕ್ತೀನಿ" ಅಂತ ತಂತಿ ಕಟ್ಟಿ ಮೇನ್ ಸ್ವಿಚ್ ಎತ್ತಿದ. ಧಡ್! ಅದು ತಾನೇ ಕೆಳಗೆ ಬಿತ್ತು. ಮತ್ತೆ ಎತ್ತಿದ... ಧಡ್! ಮೂರನೇ ಸಲ ಎರಡೂ ಕೈಯಲ್ಲಿ ಒತ್ತಿಹಿಡಿದ. ಯಾರೋ ಅವನ ಬೆರಳುಗಳನ್ನ ಒಂದೊಂದಾಗಿ ಬಿಡಿಸಿದರು. ಮೆಟ್ಟಿಲು ಹತ್ತಿ ಓಡಿದವನು ಇವತ್ತಿಗೂ ಕೆಳಗೆ ಇಳಿದಿಲ್ಲ.

ದಿಲ್ಸಾ ತಂತಿ ಕಿತ್ತು, ಜಾಲರಿ ತೊಳೆದು, ನೀರು ಬಿಟ್ಟು, ಯಂತ್ರ ಶುರು ಮಾಡಿಯೇ ಮನೆಗೆ ಹೊರಟಳು. ಹೊರಡೋ ಮುಂಚೆ ಬರೆಯೋಕೆ ಪಾಳಿ ಪುಸ್ತಕ ತೆಗೆದ್ರೆ, ಯಾರೋ ಆಗಲೇ ಬರೆದಿದ್ದರು. ಅಕ್ಷರ ಅವಳದಲ್ಲ.

"ನೀರಿಲ್ಲ. ತಂತಿ ಹಾಕಲ್ಲ. ಎವಾರಿಸ್ತೊ."

ನಂಬದಿದ್ರೆ ಬಿಡಿ. ವಾರದ ಮೇಲೆ ಆ ಪುಟ ನಾನೇ ಮುಟ್ಟಿ ನೋಡಿದೀನಿ... ಶಾಯಿ ಇನ್ನೂ ಹಸಿಯಾಗಿತ್ತು.