ಬಟನ್ ಟೈರಿನ ಸದ್ದು

ಬಂಗಾರಪೇಟೆಯ ಟೈರ್ ಅಂಗಡಿಯಲ್ಲಿ ಸ್ಕೂಟರಿಗೆ ಪಂಕ್ಚರ್ ಹಾಕಿಸಲು ಕೂತಿದ್ದೆ. ಬೂದಿಕೋಟೆ ಕಡೆಯ ಗಂಡ ಹೆಂಡತಿ ಹಾಲು ಸಾಗಿಸುವ ತಮ್ಮ ಪಿಕಪ್‌ಗೆ ಟೈರ್ ಆರಿಸುತ್ತಿದ್ದರು. ಆಕೆ ದಪ್ಪ ಹಲ್ಲುಗಳಿದ್ದ ಟೈರೊಂದರ ಮೇಲೆ ಕೈಯಿಟ್ಟಳು.

“ಇದೇ ಬಟನ್ ಟೈರ್ ಆಕಪ್ಪ, ನಾಕಕ್ಕೂ.”

“ನಿಮ್ಮೂರಿಗೆ ಡಾಂಬರು ಬಂತಲ್ಲಮ್ಮ?” ಎಂದ ಅಂಗಡಿಯವನು. “ಇದು ಕೆಸರಿಗೆ. ಡಾಂಬರಲ್ಲಿ ಗುಂಯ್ ಅಂತ ಒಂದೇ ಸದ್ದು.”

“ಆ ಸದ್ದಿಗೇ ನಾನು ಓದ್ ವರ್ಸ ಬ್ಯಾಡ ಅಂದಿದ್ದು,” ಎಂದ ಗಂಡ.

“ಮಗ್ಳು ಎಷ್ಟು ಸಲ ಕೇಳಿದ್ಲು. ಕೆರೆ ಕಟ್ಟೆ ಮೇಲೆ ಗಾಡಿ ಜಾರ್ತದೆ ಕಣಪ್ಪ ಅಂತ,” ಎಂದಳು ಹೆಂಡತಿ.

“ದಿನಾ ಓಡಿಸ್ತಿದ್ದೋಳು ಅವ್ಳೇ. ಅವ್ಳಿಗೆ ಗೊತ್ತಿತ್ತು.”

“ಊಂ.”

“ಅವ್ಳಿಗೆ ಆವು ಕಚ್ಚಿದ್ ದಿನ ನಾನು ಓಡಿಸ್ದೆ,” ಎಂದ ಗಂಡ. “ಅದೇ ಕೆಸರಲ್ಲಿ ಚಕ್ರ ಗಿರಗಿರ ತಿರುಗ್ತಾನೇ ಇತ್ತು. ಗಾಡಿ ಒಂದೆಜ್ಜೆ ಮುಂದಕ್ ಓಗ್ಲಿಲ್ಲ.”

“ನನ್ ತೊಡೆ ಮೇಲೆ ಮಲ್ಗಿದ್ಲು. ‘ಎರಡ್ನೇ ಗೇರ್ ಆಕಪ್ಪ, ನಿಧಾನ’ ಅಂತ ಏಳ್ಕೊಡ್ತಾನೇ ಇದ್ಲು, ಮಾತು ನಿಲ್ಲೋ ತಂಕ.”

ಅಂಗಡಿಯವನು ನಾಲ್ಕೂ ಟೈರ್ ಹಾಕಿದ ಮೇಲೆ, ಚಕ್ರದ ಕೆಳಗಿಡಲು ನಿಂಬೆಹಣ್ಣು ತಂದ.

“ಏನೂ ಆಗ್ದಿರ್ಲಿ ಅಂತ, ಅಮ್ಮ.”

“ಬ್ಯಾಡಪ್ಪ. ಇನ್ನೇನ್ ಆಗ್ಬೇಕು?”

ಅವನು ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡ.

“ಗ್ಲಾಸ್ ಏರಿಸ್ಕೊಂಡು ಓಗಣ್ಣ. ಸದ್ದು ಕಮ್ಮಿ ಆಗ್ತದೆ.”

ಗಂಡ ಗಾಡಿ ಹತ್ತಿ ಕೂತು, ಎರಡೂ ಕಡೆಯ ಗ್ಲಾಸು ಪೂರ್ತಿ ಇಳಿಸಿ ಹೊರಟ.