ಉದ್ದ ಮೂತಿಯ ಕಾರು

ಕಣ್ಣಾಸ್ಪತ್ರೆಯಲ್ಲಿ ಸರದಿ ಕಾಯುತ್ತಿದ್ದ ದರ್ಜಿ ಹೆಂಗಸಿಗೆ ಕಣ್ಣಿಗೆ ಮದ್ದು ಬಿಟ್ಟಿದ್ದರಿಂದ ಎಲ್ಲವೂ ಮಸುಕು. ಕಿವಿ ಮಾತ್ರ ಚುರುಕಾಗಿತ್ತು. ಪಕ್ಕದ ಬೆಂಚಿನಲ್ಲಿ ಒಬ್ಬ ಅತ್ತಿಗೆ ತನ್ನ ಮೈದುನನನ್ನು ವಿಚಾರಿಸುತ್ತಿದ್ದಳು.

“ಹೊಸ ರೇಸ್ ಕಾರಿನ ಚೌಕಟ್ಟಿಗೆ, ಅದೇ ಆ ಚಾಸಿಗೆ, ಯಾರ ನಕ್ಷೆ ಒಪ್ಪಿದ್ರು? ನಿಂದೋ, ಆ ಇಂಜಿನಿಯರ್ ಹುಡುಗೀದೋ?”

“ಅವಳದ್ದೇ, ಅತ್ತಿಗೆ.”

“ಅಯ್ಯೋ! ವರ್ಷವಿಡೀ ಒದ್ದಾಡಿದ್ಯಲ್ಲೋ.”

“ನಂದು ಹಗುರ. ಅವಳದ್ದು ಭಾರ, ಮೂತಿ ಬೇರೆ ಉದ್ದ. ಆದ್ರೆ ಗೋಡೆಗೆ ಗುದ್ದಿಸಿ ನೋಡಿದಾಗ ನನ್ನದರಲ್ಲಿ ಪೆಡಲ್ ಹಿಂದಕ್ಕೆ ನುಗ್ಗಿಬಿಡ್ತು.”

“ಎಲ್ಲಿಗೆ?”

“ಓಡಿಸುವಾಗ ಅಣ್ಣನ ಕಾಲು ಇರೋ ಜಾಗಕ್ಕೆ.”

ದರ್ಜಿ ಹೆಂಗಸು ತನಗರಿವಿಲ್ಲದೆಯೇ ಕಾಲುಗಳನ್ನು ಬೆಂಚಿನಡಿಗೆ ಎಳೆದುಕೊಂಡಳು.

“ಅವಳದ್ದರಲ್ಲಿ?”

“ಮೂತಿ ನುಜ್ಜುಗುಜ್ಜಾಯ್ತು, ಪೆಡಲ್ ಅಲ್ಲಾಡ್ಲಿಲ್ಲ. ನಾನೇ ಮೀಟಿಂಗಲ್ಲಿ ಎದ್ದು ನಿಂತು, ಇದನ್ನೇ ಕಟ್ಟಿ ಅಂದೆ.”

“ಬೇಜಾರಾಗ್ಲಿಲ್ವೇನೋ?”

“ಆಯ್ತು. ಆದ್ರೂ ಎದೆ ಮೇಲಿನ ಕಲ್ಲು ಇಳಿಸಿದ ಹಾಗಾಗಿದೆ.”

“ನಿಮ್ಮಣ್ಣ ಏನಂದ್ರು?”

“ಕಾರು ಭಾರ ಆಯ್ತು ಅಂತ ಮುಖ ಊದಿಸ್ಕೊಂಡಿದ್ದಾನೆ.”

“ಊದಿಸ್ಕೊಳ್ಳಲಿ ಬಿಡು!” ಅತ್ತಿಗೆಯ ನಗು ಅಳುವಿನ ಅಂಚಿನವರೆಗೂ ಹೋಗಿ ಮರಳಿತು. “ಇನ್ಮೇಲೆ ರೇಸಿನ ದಿನ ನನ್ನ ಗಂಟಲಲ್ಲಿ ಅನ್ನ ಇಳಿದೀತು.”

ನರ್ಸ್ ಕರೆದಳು. ಇಬ್ಬರೂ ಎದ್ದರು.

“ಆ ಹುಡುಗೀನ ಭಾನುವಾರ ಊಟಕ್ಕೆ ಕರ್ಕೊಂಡು ಬಾ.”

“ನನ್ನನ್ನ ಸೋಲಿಸಿದವಳನ್ನಾ?”

“ಹೂಂ, ಅವಳನ್ನೇ. ನಿಮ್ಮಣ್ಣನ ಎದುರಿಗೇ ಕೂರಿಸಿ, ಮೊದಲು ಅವಳಿಗೇ ಬಡಿಸ್ತೀನಿ.”

ಮೈದುನ ಗಟ್ಟಿಯಾಗಿ ನಕ್ಕಿದ್ದು, ಬಾಗಿಲು ಮುಚ್ಚಿಕೊಂಡ ಮೇಲೂ ದರ್ಜಿ ಹೆಂಗಸಿಗೆ ಕೇಳಿಸುತ್ತಿತ್ತು.